ಸಮುದ್ರದ ಕಡೆಯ ಬಾಗಿಲು

ಮೇಸ್ತ್ರಿ ಕಲ್ಲು, ಸಿಮೆಂಟು ಎಲ್ಲ ತಂದಿಳಿಸಿ ನೋಡಿದರೆ, ಮುಚ್ಚಬೇಕಾದ ಹಿಂಬಾಗಿಲಿನಲ್ಲೇ ಅತ್ತೆ ಕುರ್ಚಿ ಹಾಕಿಕೊಂಡು ಕೂತಿದ್ದರು.

"ಅಮ್ಮಾ, ಸ್ವಲ್ಪ ಆ ಕಡೆ ಕೂತ್ಕೊಳ್ಳಿ."

"ನನ್ನ ಮಗ ಈ ಬಾಗಿಲಿಂದ ಹೋದವನು. ಈ ಬಾಗಿಲಿಂದಲೇ ಬರಬೇಕು."

"ಮುಂಬಾಗಿಲು ಇದೆಯಲ್ಲ ಅತ್ತೆ," ಎಂದಳು ಸೊಸೆ.

"ಅವನೇನು ನೆಂಟನೇನೇ, ಮುಂಬಾಗಿಲಿಂದ ಬರೋಕೆ?"

ಹಿಂದೆಲ್ಲ ಆ ಬಾಗಿಲಿನಿಂದ ಸಮುದ್ರ ಕಾಣುತ್ತಲೇ ಇರಲಿಲ್ಲ. ನಡುವೆ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಮರಗಳ ಕಾಡು ಕೆಸರಿನಲ್ಲಿ ಬೇರು ಹೆಣೆದುಕೊಂಡು ನಿಂತಿತ್ತು. ಸಿಗಡಿ ಸಾಕುವ ಹೊಂಡಕ್ಕೆಂದು ಅದನ್ನು ಕಡಿದರು; ಹೊಂಡದ ಕಟ್ಟೆ ಕಟ್ಟಿದವನೂ ಇದೇ ಮೇಸ್ತ್ರಿ. ಬೇರುಗಳ ಸಂದಿಯಲ್ಲಿ ಮರಿ ಮಾಡುತ್ತಿದ್ದ ಮೀನು ದೂರ ಹೋಯಿತು. ಮೀನಿನ ಹಿಂದೆ ಮಗ ದೂರ ಹೋದ, ಆಮೇಲೆ ಖಾಲಿ ದೋಣಿಯೊಂದೇ ಸಿಕ್ಕಿತು. ಹತ್ತಿರ ಬಂದದ್ದು ಸಮುದ್ರ ಮಾತ್ರ. ದೋಣಿ ಹತ್ತುವ ದಿನ ಅವನು ಬಿಟ್ಟುಹೋದ ರಬ್ಬರ್ ಚಪ್ಪಲಿ ಇನ್ನೂ ಹೊಸ್ತಿಲಾಚೆ ಇತ್ತು. ಅತ್ತೆ ದಿನಾ ಸಂಜೆ ಅದರ ಮರಳು ಕೊಡವಿಡುತ್ತಿದ್ದರು.

"ಹೋದ ಹುಣ್ಣಿಮೆಯ ಉಬ್ಬರಕ್ಕೆ ನಿಮ್ಮ ಮಂಚದ ಕಾಲು ಮುಳುಗಿತ್ತು ಅತ್ತೆ. ಹೀಗೇ ಬಿಟ್ಟರೆ ಈ ಸಲ ನೀವೇ ತೇಲ್ತೀರಿ."

"ತೇಲಿದರೆ ಒಳ್ಳೇದೇ ಆಯ್ತು. ಅವನಿರೋ ಕಡೆಗಾದರೂ ಹೋಗ್ತೀನಿ."

ಆ ಯೋಚನೆ ಸೊಸೆಗೂ ಒಂದೆರಡು ಸಲ ಬಂದು ಹೋಗಿತ್ತು. ಅದಕ್ಕೇ ಮೇಸ್ತ್ರಿಯನ್ನು ಕರೆಸಿದ್ದಳು.

ಅವಳು ಬಗ್ಗಿ ಚಪ್ಪಲಿಗಳನ್ನು ಎತ್ತಿಕೊಂಡು ಒಳಗೆ ನಡೆದು, ನಡುಮನೆಯ ಮಧ್ಯದಲ್ಲಿ ಇಟ್ಟಳು.

"ಏಯ್! ಮನೆಯೊಳಗೆ ಚಪ್ಪಲಿಯೇನೇ?"

ಅತ್ತೆ ಎದ್ದೇಬಿಟ್ಟರು. ಚಪ್ಪಲಿ ಮೆಟ್ಟಿಕೊಂಡೇ ಒಳಗೆ ನುಗ್ಗುತ್ತಿದ್ದ ಮಗನನ್ನು ಬೈದು ಬೈದು ಪಳಗಿದ ಬಾಯಿ ಅದು. ಅವರು ಹೋಗಿ ಚಪ್ಪಲಿ ಎತ್ತಿಕೊಂಡು ಬರುವಷ್ಟರಲ್ಲಿ ಮೇಸ್ತ್ರಿ ಕುರ್ಚಿ ಸರಿಸಿ, ಹೊಸ್ತಿಲ ಮೇಲೆ ಸಿಮೆಂಟು ಸುರಿದು, ಮೊದಲ ಕಲ್ಲು ಕೂರಿಸಿಯಾಗಿತ್ತು. ಅತ್ತೆ ಕಲ್ಲನ್ನು ನೋಡಿದರು, ಸೊಸೆಯನ್ನು ನೋಡಿದರು.

"ಕಳ್ಳಿ ಕಣೇ ನೀನು," ಎಂದರು.

ಸಂಜೆ, ಎದ್ದು ನಿಂತ ಗೋಡೆಯ ಬುಡದಲ್ಲಿ, ಒಳಗಡೆಗೇ, ಚಪ್ಪಲಿಗಳನ್ನು ಜೋಡಿಸಿಟ್ಟರು.

"ನನ್ನ ಗೋಡೆ ದಾಟಿ ಒಂದು ಹನಿ ಬಂದರೆ ಮೀಸೆ ಬೋಳಿಸ್ಕೋತೀನಿ," ಎಂದು ಹೇಳಿ ಮೇಸ್ತ್ರಿ ಹೊರಟ.

ಹುಣ್ಣಿಮೆಯ ಬೆಳಿಗ್ಗೆ ಉಬ್ಬರ ಬಂತು. ಗೋಡೆ ದಾಟಿ ಒಂದು ಹನಿಯೂ ಬರಲಿಲ್ಲ. ಮೇಸ್ತ್ರಿಯ ಮೀಸೆ ಉಳಿಯಿತು. ನೀರು ನೆಲದಿಂದ ಬಂತು. ಹಾಸುಗಲ್ಲುಗಳ ಸಂದಿಯಿಂದ, ಅವಸರವಿಲ್ಲದೆ, ಮನೆಯವರ ಹಾಗೆ.

ಸೊಸೆ ಬಕೆಟ್ಟಿನಲ್ಲಿ ಮೊಗೆದು ಮೊಗೆದು ಮುಂಬಾಗಿಲಿನಿಂದ ಹೊರಗೆ ಚೆಲ್ಲಿದಳು. ಚೆಲ್ಲಿದ್ದು ವಾಪಸು ಬರುವುದನ್ನು ಕಂಡು ನಿಲ್ಲಿಸಿದಳು. ಅಷ್ಟರಲ್ಲಿ ಚಪ್ಪಲಿಗಳು ಗೋಡೆಯ ಬುಡದಿಂದ ಎದ್ದು, ಒಂದು ಮುಂದೆ ಒಂದು ಹಿಂದೆ, ನಡುಮನೆ ದಾಟಿ, ಅತ್ತೆಯ ಮಂಚದ ಹತ್ತಿರ ಬಂದು ನಿಂತವು.

ಅತ್ತೆ ಮಂಚದ ಮೇಲೆ ಕಾಲು ಮಡಚಿಕೊಂಡು ಕೂತು ಅವನ್ನೇ ನೋಡುತ್ತಿದ್ದರು.

"ಚಪ್ಪಲಿ ಹೊರಗೆ ಬಿಟ್ಟು ಬಾ ಅಂತ ಎಷ್ಟು ಸಲ ಹೇಳಬೇಕೋ ನಿನಗೆ?" ಎಂದರು.