ಕುರ್ಚಿಯ ಮೇಲಿನ ಕೋಟು

ಗಂಗಾ ಕರುವಿನ ಕತ್ತಿಗೆ ಸೂಜಿ ಚುಚ್ಚಬೇಕು ಅನ್ನುವಷ್ಟರಲ್ಲಿ ದನದ ಡಾಕ್ಟರ ಹೆಂಡತಿ ಯಮುನಾ ಒಳಗೆ ಬಂದು, ಕುರ್ಚಿಯ ಬೆನ್ನಿಗಿದ್ದ ಗಂಡನ ಬಿಳಿ ಕೋಟನ್ನು ಎತ್ತಿಕೊಂಡರು. “ನಾಳೆ ಅವರ ತಿಂಗಳ ತಿಥಿ. ಎಡೆ ಮುಂದೆ ಬಟ್ಟೆ ಇಡ್ಬೇಕು. ಇದು ಬಿಟ್ಟು ಬೇರೆ ಏನು ಹಾಕ್ಕೊಂಡಿದ್ರು ಹೇಳು.”

ಗಂಗಾಳ ಕೈ ನಿಂತಿತು. ಡಾಕ್ಟರ ಉಸ್ತುವಾರಿ ಇಲ್ಲದೆ ಅವಳಂಥ ಸಹಾಯಕಿ ಸೂಜಿ ಹಾಕುವಂತಿಲ್ಲ ಎನ್ನುತ್ತದೆ ಕಾನೂನು. ಮಹದೇವಪುರದ ಆ ಕ್ಲಿನಿಕ್ಕಿನಲ್ಲಿ ಕೋಟು ಕುರ್ಚಿಯ ಮೇಲಿದ್ದರೆ ಡಾಕ್ಟರು ಇದ್ದಾರೆ ಎಂದೇ ಲೆಕ್ಕ. ಅವರು ಟಿನ್ ಫ್ಯಾಕ್ಟರಿ ಹತ್ತಿರ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡಾಗಲೆಲ್ಲ, “ಈಗಷ್ಟ ಚಾ ಕುಡಿಯಾಕ ಹೋಗ್ಯಾರ್ರಿ” ಎಂದು ಹೇಳಿ ಅವಳೇ ಸೂಜಿ ಹಾಕುತ್ತಿದ್ದಳು. ಅವರು ತೀರಿಕೊಂಡದ್ದು ಗೊತ್ತಿದ್ದೂ ಜನ ದನ ಹೊಡೆದುಕೊಂಡು ಬಂದರು, ಕೋಟು ನೋಡಿ ಸುಮ್ಮನಾದರು. ಬಾಗಿಲಲ್ಲಿ ತಪಾಸಣೆಯವರ ಜೀಪು ನಿಂತಂತೆ ಸದ್ದಾದರೆ ಬೆವರುತ್ತಿದ್ದವಳು ಗಂಗಾ ಒಬ್ಬಳೇ.

“ಹಾಕಮ್ಮ, ಜ್ವರದಾಗೆ ಕರು ನಡುಗ್ತಾ ಐತೆ,” ಎಂದರು ಕರುವಿನ ಹಗ್ಗ ಹಿಡಿದಿದ್ದ ಮುನಿಶಾಮಮ್ಮ.

ಯಮುನಾ ಖಾಲಿ ಕುರ್ಚಿಯನ್ನು ನೋಡಿದರು, ಗಂಗಾಳ ಕೈಯಲ್ಲಿದ್ದ ಸೂಜಿಯನ್ನು ನೋಡಿದರು. “ಬೇಕಾದ್ರೆ ಇಲ್ಲೇ ಇರ್ಲಿ ಬಿಡು,” ಎಂದು ಕೋಟನ್ನು ಮತ್ತೆ ಕುರ್ಚಿಗೆ ಹಾಕಲು ಹೋದರು.

ಗಂಗಾ ಸೂಜಿಯನ್ನು ತಟ್ಟೆಯಲ್ಲಿಟ್ಟಳು. ಕೋಟು ಇಸಿದುಕೊಂಡು, ಜೇಬಿನ ಥರ್ಮಾಮೀಟರು ತೆಗೆದು, ಮಡಿಸಿ ಅವರ ಕೈಗೇ ಕೊಟ್ಟಳು.

“ಒಯ್ರಿ ಅಕ್ಕಾರ.” ಆಮೇಲೆ ಮುನಿಶಾಮಮ್ಮನ ಕಡೆ ತಿರುಗಿದಳು. “ಸರ್ಕಾರಿ ದವಾಖಾನಿಗೆ ಹೊಡಕೊಂಡು ಹೋಗ್ರಿ ಯವ್ವಾ. ಡಾಕ್ಟ್ರು ತೀರಿಕೊಂಡಾರ.”

ಒಂದು ತಿಂಗಳಿಂದ ಬಾರದ ಅಳು ಅವಳಿಗೆ ಆಗ ಬಂತು.