ಹೆಸರಿಲ್ಲದ ಮರ

ಉಪ್ಪಾಗೆ ಮರದ ನೆತ್ತಿಯಲ್ಲಿ ಕಾಯಿ ಕೊಯ್ಯುತ್ತಿದ್ದ ಬಂಗಾರ್ಯನಿಗೆ ಕೆಳಗಿನ ಕಾಲುದಾರಿಯಿಂದ ಹುಡುಗಿಯೊಬ್ಬಳ ಮಾತು ಕೇಳಿಸಿತು. "ಅಜ್ಜಿ, ಬಂಗಾರ್ಯನ ಮರದಾಗೆ ಎಷ್ಟು ಕಾಯಿ ಬಿಟ್ಟೈತೆ ನೋಡು!"

ಅವನ ಕೈ ಅಲ್ಲೇ ನಿಂತಿತು. ಸಿದ್ದಾಪುರದ ಈ ಕಾಡಿನಲ್ಲಿ ಮರದಿಂದ ಬಿದ್ದು ಸತ್ತವನ ಹೆಸರೇ ಆ ಮರಕ್ಕೆ. ಆಮೇಲೆ ಅದನ್ನು ಯಾರೂ ಹತ್ತುವುದಿಲ್ಲ. ಇದಕ್ಕೆ ಯಾರ ಹೆಸರೂ ಇಲ್ಲವೆಂದು ಕೇಳಿಕೊಂಡೇ ಅವನು ಬೆಳಿಗ್ಗೆ ಹತ್ತಿದ್ದ.

"ಏಯ್, ನಾನಿಲ್ಲೇ ಇದೀನಲ್ಲ!" ಎಂದು ಕೂಗಿದ. ಇಬ್ಬರೂ ತಲೆಯೆತ್ತಲಿಲ್ಲ. ನರೆತ ತಲೆಯ ಅಜ್ಜಿ ಬುಡದಲ್ಲಿ ಎಲೆಯಡಿಕೆ ಇಟ್ಟು ಕೈಮುಗಿದಳು.

"ಎಲ್ಲಾ ಮರದ ಹೆಸರೂ ಹೇಳ್ತೀಯ, ಇದರದ್ದು ಮಾತ್ರ ಯಾಕೆ ಹೇಳಲ್ಲ ಅಜ್ಜಿ?"

"ಗಂಡನ ಹೆಸರು ಹೇಳಬಾರ್ದು ಕಣೇ," ಎಂದಳು ಅಜ್ಜಿ. ಆ ದನಿ, ಬೆಳಿಗ್ಗೆ ಅವನಿಗೆ ಬುತ್ತಿ ಕಟ್ಟಿಕೊಟ್ಟ ಹೆಂಡತಿ ಮಂಜಿಯದು.