ಬಿಟ್ಟ ಮಾತ್ರೆ

ತಲೆಸುತ್ತು ತಡೆಯಲಾರದೆ ಅವಳು ಮತ್ತೆ ಡಾಕ್ಟರ ಬಳಿ ಬಂದಿದ್ದಳು. ಬಿಪಿ ತೀರಾ ಇಳಿದಿದೆ, ಬಿಪಿಯ ಆ ಮೂರೂ ಮಾತ್ರೆ ನಿಲ್ಲಿಸಿಬಿಡಿ ಎಂದು ಅವರು ಹೋದ ವಾರವೇ ಹೇಳಿದ್ದರು. ಅವಳು ನಿಲ್ಲಿಸಿದ್ದಳು. ತನ್ನ ಬಿಪಿ ಮಾತ್ರೆಯನ್ನು ಪ್ರಸಾದದಂತೆ ಕಣ್ಣಿಗೊತ್ತಿಕೊಂಡು ನುಂಗುವ ಗಂಡ ಗಾಬರಿಯಾಗುತ್ತಾನೆಂದು ಅವನಿಗೆ ಹೇಳಿರಲಿಲ್ಲ.

"ಮಲಗಿದ್ರೂ ಮಂಚ ಗಾಣದಂಗೆ ತಿರುಗ್ತದೆ ಸ್ವಾಮಿ. ನಿನ್ನೆ ಬಚ್ಚಲಲ್ಲಿ ಬಿದ್ದೆ. ಇನ್ನೊಂದ್ಸಲ ಬಿದ್ರೆ ನಾನು ಏಳಾಕಿಲ್ಲ."

ಬಿಪಿ ಇನ್ನೂ ಕೆಳಗಿಳಿದಿತ್ತು. ಡಾಕ್ಟರು ಕೇಳಿದರು, "ನಿಜ ಹೇಳಮ್ಮ, ಮಾತ್ರೆ ಬಿಟ್ಟಿದ್ದೀಯಾ?"

"ಮನೆದೇವ್ರಾಣೆ ಸ್ವಾಮಿ. ಯಜಮಾನ್ರು ಕಾಯ್ಸಿಕೊಡೋ ಅಂಬಲಿ ಒಂದೇ ನನ್ನ ಬಾಯಿಗೋಗೋದು."

"ಹಾಗಾದ್ರೆ ನನಗೂ ತಿಳೀತಿಲ್ಲ. ನಾಳೇನೇ ದೊಡ್ಡಾಸ್ಪತ್ರೆಗೆ ಹೋಗಿ."

ಹೊರಗೆ ಬೆಂಚಿನ ಮೇಲೆ ಕಾಯುತ್ತಿದ್ದ ಗಂಡನ ಪಕ್ಕ ಕುಸಿದು, ಸೆರಗು ಕಚ್ಚಿ ಅತ್ತಳು. "ನಾನಿನ್ನು ಉಳಿಯಾಕಿಲ್ಲ ಕಣ್ರೀ."

ಗಂಡ ಅವಳ ಬೆನ್ನು ಸವರಿದ.

"ಸುಮ್ಕಿರಮ್ಮಿ, ನಾನಿಲ್ವಾ? ಬೇಸತ್ತು ನೀನು ಮಾತ್ರೆ ಬಿಟ್ಟಿದ್ದು ಡಬ್ಬಿ ನೋಡ್ದಾಗ್ಲೇ ನಂಗೆ ತಿಳೀತು. ಅವತ್ತಿಂದ ನಿನ್ನ ಮೂರಕ್ಕೆ ನಂದೂ ಒಂದು ಸೇರಿಸಿ, ದಿನಾ ನಿನ್ನ ಅಂಬಲಿಗೆ ಅರೆದು ಹಾಕ್ತಾ ಇವ್ನಿ."